ಮಾಸಿನ ರಕ್ತಪರೀಕ್ಷೆ: ಮೊದಲು ವಾರದ ಲೆಕ್ಕ, ಆಮೇಲೆ ಸೂಜಿ

ಮಾಸು ಚೆನ್ನಾಗಿ ಬೆಳೆದರೆ ಪಿಎಲ್‌ಜಿಎಫ್ ಎಂಬ ಪ್ರೋಟೀನು ತಾಯಿಯ ರಕ್ತದಲ್ಲಿ ಸಾಕಷ್ಟು ಇರುತ್ತದೆ. ಮಾಸಿಗೆ ರಕ್ತ ಸಾಲದಿದ್ದರೆ ಅದು ಇಳಿಯುತ್ತದೆ, ಎಸ್‌ಎಫ್‌ಎಲ್‌ಟಿ-1 ಎಂಬ ಇನ್ನೊಂದು ಪ್ರೋಟೀನು ಏರುತ್ತದೆ. ಬಸುರಿಯಲ್ಲಿ ಬಿಪಿ ಏರಿ ಕಿಡ್ನಿ, ಲಿವರ್‌ಗೆ ಪೆಟ್ಟು ಕೊಡುವ ಪ್ರಿಎಕ್ಲಾಂಪ್ಸಿಯಾದ ಸುಳಿವು ಇದರಿಂದ ಮೊದಲೇ ಸಿಗುತ್ತದೆ. ಆದರೆ ನಮ್ಮ ಕೊಡಗಿನಲ್ಲಿ ಈ ರಕ್ತಪರೀಕ್ಷೆಯ ಎಷ್ಟೋ ಫಾರಂಗಳಲ್ಲಿ ವಾರದ ಬದಲು ‘ಮೂರು ತಿಂಗಳು’ ಎಂದಷ್ಟೇ ಬರೆದಿರುತ್ತದೆ. ಅಲ್ಲಿಗೆ ಪರೀಕ್ಷೆ ಕೆಟ್ಟಂತೆಯೇ.

ಹಂತ 1: ಮುಟ್ಟು ತಪ್ಪಿದ ಕೂಡಲೇ ಆಶಾ ಕಾರ್ಯಕರ್ತೆಗೆ ಹೇಳಿ, ತಾಯಿ ಕಾರ್ಡ್ ಮಾಡಿಸಿ.

ಹಂತ 2: ವಾರ ಎಣಿಸಿ. ಮುಟ್ಟು ತಪ್ಪಿದ ದಿನದಿಂದ ಅಲ್ಲ, ಕೊನೆಯ ಮುಟ್ಟಿನ ಮೊದಲ ದಿನದಿಂದ. ತೋಟದ ಲೈನ್‌ಮನೆಯ ಹೆಂಗಸರು ‘ಹುತ್ತರಿ ಹಬ್ಬ ಕಳೆದು ಒಂದು ವಾರಕ್ಕೆ’ ಎನ್ನುತ್ತಾರೆ. ಒಳ್ಳೆಯ ಗುರುತೇ, ಕ್ಯಾಲೆಂಡರ್ ತೆಗೆದು ತಾರೀಖು ಮಾಡಿಕೊಳ್ಳಿ. ನೆನಪಿಲ್ಲದಿದ್ದರೆ ಅಥವಾ ಮುಟ್ಟು ಏರುಪೇರಾಗಿದ್ದರೆ, ಮಗುವಿನ ಉದ್ದ ಅಳೆದ ಮೊದಲ ಸ್ಕ್ಯಾನ್‌ನ ಲೆಕ್ಕವೇ ಸರಿ. ಆಮೇಲಿನ ಸ್ಕ್ಯಾನ್ ಬೇರೆ ಹೇಳಿತೆಂದು ತಾರೀಖು ಬದಲಿಸಬೇಡಿ. ಮೊದಲ ಪರೀಕ್ಷೆಯ ಸಮಯ 11 ವಾರದಿಂದ 13 ವಾರ 6 ದಿನದವರೆಗೆ. ಫಾರಂನಲ್ಲಿ ‘12 ವಾರ 3 ದಿನ’ ಎಂಬಂತೆ ದಿನದ ಸಮೇತ ಬರೆಸಿ. ಪಿಎಲ್‌ಜಿಎಫ್ ವಾರ ವಾರಕ್ಕೂ ಬದಲಾಗುತ್ತದೆ, ವಾರ ತಪ್ಪಿದರೆ ಸರಿಯಿರುವ ಅಂಕಿಯೂ ತಪ್ಪಾಗಿ ಕಾಣುತ್ತದೆ. ಅಂದಿನ ತೂಕ, ಅವಳಿ ಇದೆಯಾ, ಸಕ್ಕರೆ ಕಾಯಿಲೆ ಇದೆಯಾ, ಇವನ್ನೂ ಬಿಡಬೇಡಿ.

ಹಂತ 3: ಅದೇ ದಿನ ಬಿಪಿ. ಏರು ಹತ್ತಿ ಬಂದವರನ್ನು ಐದು ನಿಮಿಷ ಕೂರಿಸಿ, ಎರಡೂ ತೋಳಲ್ಲಿ ನೋಡಿ. ಮಣಿಕಟ್ಟಿಗೆ ಕಟ್ಟುವ ಮೆಷಿನ್ ಕೊಳ್ಳಲೇಬೇಡಿ, ತೋಳಿಗೆ ಕಟ್ಟುವುದೇ ಇರಲಿ.

ಹಂತ 4: ರಕ್ತ ಕೊಡಿ. ಉಪವಾಸ ಬೇಡ. ಸ್ಯಾಂಪಲ್ ಮೈಸೂರಿಗೋ ಮಂಗಳೂರಿಗೋ ಹೋಗುವುದಾದರೆ ಯಾವ ದಿನ ಕಳಿಸುತ್ತಾರೆ ಕೇಳಿ. ಮಳೆಗಾಲದಲ್ಲಿ ಘಾಟಿ ರಸ್ತೆಯನ್ನು ನಂಬುವಂತಿಲ್ಲ, ಅಲ್ವಾ?

ಹಂತ 5: ‘ಅಪಾಯ ಜಾಸ್ತಿ’ ಎಂದು ಬಂದರೆ ಕಾಯಿಲೆ ಬಂತೆಂದಲ್ಲ. ಆ ರಿಪೋರ್ಟ್ ಹಿಡಿದು 16 ವಾರ ತುಂಬುವ ಮೊದಲೇ ಡಾಕ್ಟರನ್ನು ನೋಡಿ. ಅಪಾಯ ಜಾಸ್ತಿ ಇದ್ದವರು ರಾತ್ರಿ ಹೊತ್ತು 150 ಮಿಲಿಗ್ರಾಂ ಆಸ್ಪಿರಿನ್ ತೆಗೆದುಕೊಂಡರೆ, 37 ವಾರಕ್ಕೆ ಮೊದಲೇ ಬರುವ ಪ್ರಿಎಕ್ಲಾಂಪ್ಸಿಯಾ ಬಹಳ ಕಡಿಮೆಯಾಗುತ್ತದೆ ಎಂದು 2017ರ ದೊಡ್ಡ ಅಧ್ಯಯನ ತೋರಿಸಿದೆ. ನೀವೇ ಅಂಗಡಿಯಿಂದ ತಂದು ನುಂಗಬೇಡಿ. ‘ಮಾಸು ಗಟ್ಟಿ ಮಾಡುವ’ ಪುಡಿಗಳಿಗೂ ಸುಮ್ನೆ ದುಡ್ಡು ಸುರಿಯಬೇಡಿ.

20 ವಾರದ ನಂತರ ಅನುಮಾನ ಬಂದರೆ ಎರಡೂ ಪ್ರೋಟೀನುಗಳ ಅನುಪಾತ, ಅಂದರೆ ಎಸ್‌ಎಫ್‌ಎಲ್‌ಟಿ-1 ಅನ್ನು ಪಿಎಲ್‌ಜಿಎಫ್‌ನಿಂದ ಭಾಗಿಸಿದ ಅಂಕಿ, ನೋಡುತ್ತಾರೆ. ಹೆಚ್ಚಾಗಿ ಬಳಸುವ ಒಂದು ವಿಧಾನದಲ್ಲಿ 38 ಅಥವಾ ಕಡಿಮೆ ಬಂದರೆ ಮುಂದಿನ ಒಂದು ವಾರ ಪ್ರಿಎಕ್ಲಾಂಪ್ಸಿಯಾ ಬರುವುದು ಅಪರೂಪ. ಒಂದೇ ವಾರ, ಹೆರಿಗೆಯವರೆಗಲ್ಲ! ಲ್ಯಾಬಿನ ಮೆಷಿನ್ ಬೇರೆಯಾದರೆ ಈ ಅಂಕಿಯೂ ಬೇರೆ.

ಬಿಪಿ 140/90 ಮುಟ್ಟಿದರೆ, ತಲೆನೋವು ಬಿಡದಿದ್ದರೆ, ಕಣ್ಣು ಮಂಜಾದರೆ, ಪಕ್ಕೆಲುಬಿನ ಕೆಳಗೆ ನೋವು ಬಂದರೆ ರಿಪೋರ್ಟಿಗೆ ಕಾಯಬೇಡಿ. ರಾತ್ರಿಯಾದರೂ ಸರಿ, 108ಕ್ಕೆ ಫೋನ್ ಮಾಡಿ, ತಾಯಿ ಕಾರ್ಡ್ ಕೈಯಲ್ಲೇ ಇರಲಿ.