ಅಕ್ವೇರಿಯಂ ಫೋಟೊಗೆ ಯಾವ ಕ್ಯಾಮೆರಾ ಕೊಳ್ಳಬೇಕು?

ಶಿವಮೊಗ್ಗದಲ್ಲಿ ಜಡಿಮಳೆ ಹಿಡಿದರೆ ನಡುಮಧ್ಯಾಹ್ನವೇ ಮನೆಯೊಳಗೆ ಮಬ್ಬುಗತ್ತಲು. ನಮ್ಮ ನಡುಮನೆಯಲ್ಲಿ ಆಗ ಹೊಳೆಯುವುದು ಮೀನಿನ ತೊಟ್ಟಿ ಒಂದೇ. ಗಪ್ಪಿ ಬಾಲ ಬಿಚ್ಚಿ ತಿರುಗಿತು ಅಂತ ಮೊಬೈಲ್ ಎತ್ತಿದರೆ ಸಿಗುವುದು ಬಣ್ಣದ ಒಂದು ಗೆರೆ, ಜೊತೆಗೆ ಗಾಜಿನಲ್ಲಿ ನಮ್ಮದೇ ಮುಖ.

ಮೊದಲು ಕೈಯಲ್ಲಿರುವ ಮೊಬೈಲನ್ನೇ ಪರೀಕ್ಷಿಸಿ. ಗಾಜನ್ನು ಒಳಗೂ ಹೊರಗೂ ಒರೆಸಿ. ಕೋಣೆಯ ದೀಪ ಆರಿಸಿ, ಕಪ್ಪು ಅಂಗಿ ಹಾಕಿಕೊಳ್ಳಿ. ಗಾಜಿಗೆ ನೇರವಾಗಿ ಹಿಡಿಯಿರಿ, ಓರೆಯಾದರೆ ನೀರು ಬೆಳಕನ್ನು ಬಾಗಿಸಿ ಮೀನು ಮಸುಕಾಗುತ್ತದೆ. ಇಷ್ಟಾದ ಮೇಲೂ ಸಮಾಧಾನ ಇಲ್ಲದಿದ್ದರೆ ಕ್ಯಾಮೆರಾದ ಯೋಚನೆ ಮಾಡಿ.

ಮೆಗಾಪಿಕ್ಸೆಲ್ ನೋಡಿ ಕೊಳ್ಳಬೇಡಿ. ನಾನೂ ಅಂಗಡಿಯವರ ಮಾತು ನಂಬಿ ಉದ್ದನೆಯ ಜೂಮ್ ಲೆನ್ಸ್ ತಂದಿದ್ದೆ. ಒಂದು ಮೀಟರಿಗಿಂತ ಹತ್ತಿರ ಹೋದರೆ ಅದು ಫೋಕಸ್ಸೇ ಆಗುತ್ತಿರಲಿಲ್ಲ. ಹಾಗಾಗಿ ಲೆನ್ಸ್ ಎಷ್ಟು ಹತ್ತಿರಕ್ಕೆ ಫೋಕಸ್ ಆಗುತ್ತದೆ ಅನ್ನುವುದನ್ನೇ ಮೊದಲು ಕೇಳಿ. ಕ್ಯಾಮೆರಾ ಜೊತೆಗೇ ಬರುವ ಸಾಮಾನ್ಯ 18-55 ಮಿ.ಮೀ. ಲೆನ್ಸ್ ಸುಮಾರು 25 ಸೆಂ.ಮೀ.ವರೆಗೆ ಬರುತ್ತದೆ. ಗೋಲ್ಡ್‌ಫಿಶ್‌ಗೆ ಅಷ್ಟು ಸಾಕು. ಮೂರು ಸೆಂ.ಮೀ. ಉದ್ದದ ನಿಯಾನ್ ಟೆಟ್ರಾದ ಕಣ್ಣಿನ ಸುತ್ತಲಿನ ನೀಲಿ ಹೊಳಪು ಬೇಕಾದರೆ 1:1 ಮ್ಯಾಕ್ರೊ ಲೆನ್ಸೇ ಬೇಕು, ಅಂದರೆ ವಸ್ತುವನ್ನು ಅದರ ನಿಜವಾದ ಅಳತೆಯಲ್ಲೇ ಸೆನ್ಸರ್ (ಬೆಳಕು ಹಿಡಿಯುವ ಚಿಪ್) ಮೇಲೆ ಮೂಡಿಸುವ ಲೆನ್ಸ್. ಅಂಗಡಿಯಲ್ಲೇ ಒಂದು ರೂಪಾಯಿ ನಾಣ್ಯದ ಫೋಟೊ ತೆಗೆದು ನೋಡಿ. ಎಪಿಎಸ್-ಸಿ ಅನ್ನುವ, ನಾಣ್ಯಕ್ಕಿಂತ ಕಡಿಮೆ ಎತ್ತರದ ಸೆನ್ಸರ್‌ನ ಕ್ಯಾಮೆರಾ ಆದರೆ, 1:1ರಲ್ಲಿ ನಾಣ್ಯ ಫ್ರೇಮಿನಲ್ಲಿ ಪೂರ್ತಿ ಹಿಡಿಸುವುದೇ ಇಲ್ಲ.

ಆಮೇಲೆ ಮ್ಯಾನುವಲ್ ಮೋಡ್ (ಎಲ್ಲವನ್ನೂ ನಾವೇ ಹೊಂದಿಸುವ ಸೌಲಭ್ಯ) ಇದೆಯಾ ನೋಡಿ. ಈಜುವ ಮೀನಿಗೆ ಶಟರ್ (ಬೆಳಕನ್ನು ಒಳಬಿಡುವ ಬಾಗಿಲು) 1/125 ಸೆಕೆಂಡ್ ಅಥವಾ ಇನ್ನೂ ವೇಗವಾಗಿ ಇರಬೇಕು. ಕೆಲವು ಎಲ್‌ಇಡಿ ದೀಪಗಳ ಕೆಳಗೆ ಫೋಟೊದಲ್ಲಿ ಪಟ್ಟೆ ಮೂಡುತ್ತದೆ. ಆಗ 1/100ಕ್ಕೆ ಇಳಿಸಿ, ಮೀನು ತಿರುಗಲು ನಿಂತ ಕ್ಷಣಕ್ಕೆ ಕಾಯಬೇಕು. ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಮಟ್ಟ) 1600ರಲ್ಲೂ ಫೋಟೊ ಚೆನ್ನಾಗಿ ಬರುವ, ಲೆನ್ಸ್ ಬದಲಿಸಬಹುದಾದ ಹಳೇ ಡಿಎಸ್‌ಎಲ್‌ಆರ್ ಆದರೂ ನಡೆಯುತ್ತದೆ. ಉಳಿದ ದುಡ್ಡನ್ನು ಲೆನ್ಸಿಗೆ ಹಾಕಿ.

ಕ್ಯಾಮೆರಾದ ಮೇಲೇ ಇರುವ ಫ್ಲಾಶ್ ಸುಮ್ನೆ ಗಾಜಿಗೆ ಹೊಡೆದು ವಾಪಸ್ ಬರುತ್ತದೆ. ಬೇರೆ ಫ್ಲಾಶ್ ಸಿಕ್ಕಿಸಿ ಮೇಲಿನಿಂದ ಬೆಳಕು ಬೀಳಿಸಲು ಆಗುತ್ತದಾ ಅಂತ ವಿಚಾರಿಸಿ.

ನಮ್ಮ ಮಲೆನಾಡಿನಲ್ಲಿ ಜಾಸ್ತಿ ಕಾಡುವುದು ಬೂಷ್ಟು. ಕ್ಯಾಮೆರಾವನ್ನು ಚರ್ಮದ ಚೀಲದಲ್ಲಿಟ್ಟು ಮರೆಯಬೇಡಿ. ಗಾಳಿಯಾಡದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಹಾಕಿ ಇಡಿ. ಸೆಕೆಂಡ್ ಹ್ಯಾಂಡ್ ಲೆನ್ಸ್ ಕೊಳ್ಳುವಾಗ ಒಂದು ಕಡೆಯಿಂದ ಟಾರ್ಚ್ ಬಿಟ್ಟು ಇನ್ನೊಂದು ಕಡೆಯಿಂದ ಒಳಗೆ ನೋಡಿ. ಜೇಡರ ಬಲೆಯಂಥ ತೆಳು ಎಳೆ ಕಂಡರೆ, ಎಷ್ಟೇ ಅಗ್ಗವಾದರೂ ಆ ಲೆನ್ಸ್ ಬೇಡ.