ಹೊಸ ರಾಕ್ ಸಿಂಗಲ್ ಕೊಂಡವರು ಮಳೆಗಾಲಕ್ಕೆ ಮುಂಚೆ ಇದನ್ನು ಓದಿ

ಡೊಂಬಿವಲಿ ಗೆಳೆಯರೇ, ಈಚೆಗೆ ನಮ್ಮಲ್ಲಿ ಕೆಲವರು ಹೊಸ ರಾಕ್ ಹಾಡುಗಳನ್ನು ವಿನೈಲ್‌ನಲ್ಲಿ, ಅಂದರೆ ಸೂಜಿ ಇಟ್ಟು ಕೇಳುವ ರೆಕಾರ್ಡ್ ತಟ್ಟೆಯಲ್ಲಿ, ಕೇಳುತ್ತಿದ್ದಾರೆ. ನನಗಂತೂ ತುಂಬ ಖುಷಿ.

ಏಳು ಇಂಚಿನ ಸಿಂಗಲ್ (ಒಂದೆರಡು ಹಾಡಷ್ಟೇ ಇರುವ ರೆಕಾರ್ಡ್) ಸಾಮಾನ್ಯವಾಗಿ 45 ಆರ್‌ಪಿಎಂನಲ್ಲಿ, ಅಂದರೆ ನಿಮಿಷಕ್ಕೆ 45 ಸುತ್ತು, ತಿರುಗಬೇಕು. 33ರಲ್ಲೇ ಬಿಟ್ಟರೆ ಹಾಡು ಎಳೆದ ಹಾಗೆ ಕೇಳುತ್ತದೆ. 12 ಇಂಚಿನ ಸಿಂಗಲ್ಲೂ ಎಷ್ಟೋ ಸಲ 45 ಇರುತ್ತದೆ, ಲೇಬಲ್ ನೋಡಿ. ನಡುವಿನ ತೂತು ದೊಡ್ಡದಿದ್ದರೆ ಅದರೊಳಗೆ ಕೂರಿಸುವ ಬಿಲ್ಲೆ, ಅಂದರೆ ಅಡಾಪ್ಟರ್ ಬೇಕು.

ಆದರೆ ನಿಜವಾದ ಕಾಟ ನಮ್ಮ ಮುಂಬೈ ಮಳೆಯದ್ದು. ಕಳೆದ ಜುಲೈನಲ್ಲಿ ಕಿಟಕಿ ಪಕ್ಕದ ಕಪಾಟಿನಿಂದ ಒಂದು ರೆಕಾರ್ಡ್ ತೆಗೆದೆ. ಕಾಗದದ ಕವರ್ ಮೆತ್ತಗಾಗಿತ್ತು. ರೆಕಾರ್ಡ್ ಮೇಲೆ ಬಿಳಿ ಬೂಷ್ಟು, ಹಳೇ ಉಪ್ಪಿನಕಾಯಿ ಮೇಲೆ ಕಟ್ಟುತ್ತಲ್ಲ, ಹಾಗೆ. ಹೊಟ್ಟೆ ಉರಿದುಹೋಯಿತು.

ಈಗ ಒಳಗಿನ ಕಾಗದದ ಕವರ್ ತೆಗೆದು ಪ್ಲಾಸ್ಟಿಕ್ ಪದರ ಇರುವ ಕವರ್ ಹಾಕುತ್ತೇನೆ. ರೆಕಾರ್ಡುಗಳನ್ನು ಹೊರಗೋಡೆಯಿಂದ ದೂರ, ನೆಟ್ಟಗೆ ನಿಲ್ಲಿಸುತ್ತೇನೆ. ಒಂದರ ಮೇಲೊಂದು ಪೇರಿಸಿದರೆ ಸೊಟ್ಟಗಾಗುತ್ತವೆ. ಕಪಾಟಿನಲ್ಲಿ ನಾಲ್ಕು ಸಿಲಿಕಾ ಜೆಲ್ ಪೊಟ್ಟಣ ಇಡಿ, ತೇವ ಹೀರಿದ ಮೇಲೆ ಬದಲಿಸಿ.

ಹೊಸದು ಅಂತ ಸುಮ್ನೆ ಹಾಕಿಬಿಡಬೇಡಿ. ಅದರಲ್ಲೂ ಕಾಗದದ ಪುಡಿ ಇರುತ್ತದೆ. ರೆಕಾರ್ಡ್ ತಿರುಗುತ್ತಿರುವಾಗಲೇ ಕಾರ್ಬನ್ ಫೈಬರ್ ಬ್ರಷ್ ಮೆಲ್ಲಗೆ ಹಿಡಿಯಿರಿ, ಎರಡು ಸುತ್ತು ಸಾಕು. ಆಮೇಲೆ ಸೂಜಿ ಇಳಿಸಿ. ಬ್ರಷ್ ನೋಡಬೇಕು ಅನ್ನುವವರು ಭಾನುವಾರ ಸಂಜೆ ನಮ್ಮನೆಗೆ ಬನ್ನಿ, ನಿಮ್ಮ ರೆಕಾರ್ಡೂ ತನ್ನಿ.