ಸೊಟ್ಟಗಾದ ಶಿಶ್ನ: ಡಾಕ್ಟರ ಬಳಿ ಹೋಗುವ ಮೊದಲು ಮನೆಯಲ್ಲೇ ಮಾಡಬೇಕಾದ ಕೆಲಸ

ತುಮಕೂರಿನ ಬಿ.ಎಚ್. ರಸ್ತೆ ಹತ್ತಿರ ನನ್ನದೊಂದು ಮೆಡಿಕಲ್ ಅಂಗಡಿ ಇದೆ. ಇಪ್ಪತ್ತು ವರ್ಷದಿಂದ ನೋಡುತ್ತಿದ್ದೇನೆ. ಕೆಲವು ಗಂಡಸರು ಪಕ್ಕದಲ್ಲಿರುವವರು ಹೋಗುವ ತನಕ ಸುಮ್ನೆ ನಿಂತಿರುತ್ತಾರೆ, ಆಮೇಲೆ ಮೆಲ್ಲಗೆ "ಅಣ್ಣಾ, ವೀಕ್ನೆಸ್ಸಿಗೆ ಏನಾದ್ರೂ ಕೊಡಿ" ಅನ್ನುತ್ತಾರೆ. ಎರಡು ಸಲ ಕೇಳಿದರೆ ನಿಜ ಹೊರಗೆ ಬರುತ್ತದೆ: ನಿಮಿರಿದಾಗ ಶಿಶ್ನ ಒಂದು ಕಡೆಗೆ ಬಾಗುತ್ತಿದೆ, ನೋವೂ ಇದೆ. ಡಾಕ್ಟರಿಗೆ ತೋರಿಸಿದಿರಾ ಅಂದರೆ ತೋರಿಸಿರುತ್ತಾರೆ. ಆದರೆ ಅಲ್ಲಿಯೂ ವೀಕ್ನೆಸ್ ಅಂತಲೇ ಹೇಳಿ ವಿಟಮಿನ್ ಬರೆಸಿಕೊಂಡು ಬಂದಿರುತ್ತಾರೆ.

ತೊಂದರೆ ಏನೆಂದರೆ, ಈ ಬಾಗು ಕಾಣುವುದು ನಿಮಿರಿದಾಗ ಮಾತ್ರ. ಡಾಕ್ಟರ ಎದುರು ಕೂತಾಗ ಎಲ್ಲ ಮಾಮೂಲಾಗಿಯೇ ಕಾಣುತ್ತದೆ. ನೀವು ಬಾಯಿ ಬಿಡದಿದ್ದರೆ, ಕೈಯಲ್ಲಿ ಫೋಟೋನೂ ಇಲ್ಲದಿದ್ದರೆ ಅವರಾದರೂ ಏನು ಮಾಡಬೇಕು?

ಮೊದಲು, ಯಾವ ಬಾಗು ಅಂತ ತಿಳಿಯಿರಿ

ಸ್ವಲ್ಪ ಎಡಕ್ಕೋ ಬಲಕ್ಕೋ ಮೇಲಕ್ಕೋ ವಾಲಿರುವುದು ಎಷ್ಟೋ ಗಂಡಸರಲ್ಲಿ ಸಹಜ. ವಯಸ್ಸಿಗೆ ಬಂದಾಗಿನಿಂದ ಹಾಗೇ ಇದೆ, ನೋವಿಲ್ಲ, ಗಂಟಿಲ್ಲ, ಸಂಸಾರಕ್ಕೆ ಅಡ್ಡಿಯಿಲ್ಲ ಅಂದರೆ ಏನೂ ಮಾಡಬೇಡಿ. ಹುಟ್ಟಿನಿಂದಲೇ ಜಾಸ್ತಿ ಬಾಗಿದ್ದು ಕೂಡುವುದಕ್ಕೇ ಆಗದಿದ್ದರೆ ಅದಕ್ಕೆ ಆಪರೇಷನ್ ಒಂದೇ ದಾರಿ. ಮಾತ್ರೆಯಿಂದ ಆಗದು.

ನೆಟ್ಟಗಿದ್ದದ್ದು ನಡುವಯಸ್ಸಿನಲ್ಲಿ ಸೊಟ್ಟಗಾದರೆ ಅದು ಬೇರೆ. ಅದಕ್ಕೆ ಪೆಯ್ರೊನೀಸ್ ಕಾಯಿಲೆ ಅನ್ನುತ್ತಾರೆ. ಫ್ರಾನ್ಸ್ ದೊರೆ 15ನೇ ಲೂಯಿಯ ಶಸ್ತ್ರವೈದ್ಯ ಪೆಯ್ರೊನಿ 1743ರಲ್ಲಿ ಇದರ ಬಗ್ಗೆ ಬರೆದ, ಅವನ ಹೆಸರೇ ಉಳಿಯಿತು. ಪಂಕ್ಚರ್ ಪ್ಯಾಚ್ ಹಾಕಿದ ಸೈಕಲ್ ಟ್ಯೂಬನ್ನು ಟೈರಿನಿಂದ ಹೊರಗೆ ತೆಗೆದು ಗಾಳಿ ಹೊಡೆದು ನೋಡಿದ್ದೀರಲ್ಲ? ಪ್ಯಾಚ್ ಇರುವ ಜಾಗ ಹಿಗ್ಗುವುದಿಲ್ಲ, ಉಳಿದ ಕಡೆ ಹಿಗ್ಗುತ್ತದೆ. ಇಲ್ಲೂ ಹಾಗೇ. ರಕ್ತ ತುಂಬುವ ಭಾಗದ ಸುತ್ತ ಇರುವ ಗಟ್ಟಿ ಪೊರೆಗೆ, ಹೆಚ್ಚಾಗಿ ಕೂಡುವಾಗ, ಸಣ್ಣ ಸಣ್ಣ ಪೆಟ್ಟು ಬೀಳುತ್ತದೆ. ಎಷ್ಟೋ ಜನಕ್ಕೆ ಅದು ಗೊತ್ತೂ ಆಗುವುದಿಲ್ಲ. ಕೆಲವರಲ್ಲಿ ಆ ಗಾಯ ಮಾಯುವಾಗ ಗಟ್ಟಿ ಪಟ್ಟಿ ಕಟ್ಟಿಕೊಳ್ಳುತ್ತದೆ. ನಿಮಿರಿದಾಗ ಪಟ್ಟಿ ಇರುವ ಕಡೆಗೇ ಬಾಗುತ್ತದೆ. ಇದು ಕ್ಯಾನ್ಸರ್ ಅಲ್ಲ, ಅಂಟುರೋಗವೂ ಅಲ್ಲ. ಹೆಂಡತಿಗೆ ಹರಡುವುದಿಲ್ಲ.

ಸಕ್ಕರೆ ಕಾಯಿಲೆ ಇರುವವರಲ್ಲಿ ಇದು ಜಾಸ್ತಿ. ಶುಗರ್ ಚೆಕ್ ಮಾಡಿಸಿಬಿಡಿ. ಅಂಗೈಯನ್ನೂ ನೋಡಿಕೊಳ್ಳಿ. ಉಂಗುರದ ಬೆರಳಿನ ಬುಡದಲ್ಲಿ ಗಟ್ಟಿ ಹುರಿಯಂತೆ ಸಿಕ್ಕಿ ಬೆರಳು ಮಡಚಿಕೊಳ್ಳುತ್ತಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ, ಎರಡೂ ಒಟ್ಟಿಗೆ ಬರುವುದುಂಟು.

ಎರಡನೆಯದು, ಫೋಟೋ ಮತ್ತು ಅಳತೆ

ಎಲ್ಲರೂ ಕೆಡಿಸಿಕೊಳ್ಳುವುದು ಇಲ್ಲೇ. ನಾಚಿಕೆಯಿಂದ ತೆಗೆಯುವುದೇ ಇಲ್ಲ, ತೆಗೆದರೂ ಕತ್ತಲಲ್ಲಿ, ಒಂದೇ ಒಂದು, ಯಾವ ಕಡೆಯಿಂದ ಅಂತಲೇ ತಿಳಿಯದ ಹಾಗೆ.

ಬೆಳಗ್ಗೆ ಎದ್ದಾಗ ತಾನಾಗಿ ನಿಮಿರಿರುತ್ತದಲ್ಲ, ಅದೇ ಒಳ್ಳೆಯ ಸಮಯ. ಕಿಟಕಿ ಬೆಳಕಿಗೆ ನಿಂತು ಮೂರು ಫೋಟೋ ತೆಗೆಯಿರಿ: ಮೇಲಿನಿಂದ ಕೆಳಗೆ ನೋಡಿದಂತೆ ಒಂದು, ಪಕ್ಕದಿಂದ ಒಂದು, ಎದುರಿನಿಂದ ಒಂದು. ಪಕ್ಕದ ಫೋಟೋಗೆ ಫೋನನ್ನು ಅಂಗದ ಮಟ್ಟಕ್ಕೇ ಇಳಿಸಿ ಹಿಡಿಯಬೇಕು. ಎತ್ತರದಿಂದ ತೆಗೆದರೆ ಬಾಗು ಕಡಿಮೆ ಕಾಣುತ್ತದೆ. ಮೇಲಿನಿಂದ ಮಾತ್ರ ತೆಗೆದರೆ ಮೇಲಕ್ಕೆ ಬಾಗಿರುವುದು ಗೊತ್ತೇ ಆಗುವುದಿಲ್ಲ, ಎಡಬಲ ಮಾತ್ರ ಕಾಣುತ್ತದೆ. ಪೂರ್ತಿ ಗಟ್ಟಿಯಾಗದಿದ್ದಾಗ ತೆಗೆದ ಫೋಟೋ ಲೆಕ್ಕಕ್ಕಿಲ್ಲ. ಮುಖ ಬರಬಾರದು. ಮನೆಯವರೆಲ್ಲ ಮುಟ್ಟುವ ಫೋನ್ ಬೇಡ. ಫೋಟೋ ಬ್ಯಾಕಪ್ ಮೊದಲೇ ಆಫ್ ಮಾಡಿ, ಇಲ್ಲದಿದ್ದರೆ ಮಗಳ ಟ್ಯಾಬಿನಲ್ಲೂ ಬಂದು ಕೂರುತ್ತದೆ. ಗೋಡೆ ಬರಹದಲ್ಲಿರುವ "ಗುಪ್ತರೋಗ" ನಂಬರಿಗೆ ಯಾವತ್ತೂ ಕಳಿಸಬೇಡಿ. ಡಾಕ್ಟರಿಗೆ ಫೋನಿನಲ್ಲೇ ತೋರಿಸಿ, ಅಷ್ಟೇ.

ಈಗ ಕೋನ. ಮಕ್ಕಳ ಜಾಮಿಟ್ರಿ ಬಾಕ್ಸಿನ ಕೋನಮಾಪಕ ಸಾಕು. ಬುಡದಿಂದ ಬಾಗುವ ಜಾಗದ ತನಕ ಒಂದು ಗೆರೆ, ಅಲ್ಲಿಂದ ತುದಿಗೆ ಇನ್ನೊಂದು ಗೆರೆ ಅಂದುಕೊಳ್ಳಿ. ಕೋನಮಾಪಕದ ನಡುಚುಕ್ಕೆಯನ್ನು ಬಾಗುವ ಜಾಗದ ಮೇಲಿಡಿ. ಪೂರ್ತಿ ನೆಟ್ಟಗಿದ್ದರೆ ಎರಡು ಗೆರೆಗಳ ನಡುವೆ 180 ಡಿಗ್ರಿ ಬರುತ್ತದೆ. ಬಂದ ಅಂಕಿಯನ್ನು 180ರಿಂದ ಕಳೆಯಿರಿ, ಅದೇ ಬಾಗು. ಗುಬ್ಬಿ ಕಡೆಯ ತೆಂಗಿನ ತೋಟದವರೊಬ್ಬರು, ಐವತ್ತರ ಆಸುಪಾಸು, 140 ಡಿಗ್ರಿ ಅಂತ ಚೀಟಿಯಲ್ಲಿ ಬರೆದುಕೊಂಡು ಬಂದು ಅಂಗಡಿ ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದರು, ಮುಖದಲ್ಲಿ ರಕ್ತವೇ ಇರಲಿಲ್ಲ. ಅದು 40 ಡಿಗ್ರಿ. ಕಳೆದು ತೋರಿಸಿದಾಗ ಒಂದು ಲೋಟ ನೀರು ಕೇಳಿ ಕುಡಿದರು.

ಮೂರನೆಯದು, ದಿನಾಂಕ

ಬಾಗು ಮೊದಲು ಕಂಡಿದ್ದು ಯಾವಾಗ, ನೋವು ಶುರುವಾಗಿದ್ದು ಯಾವಾಗ, ನಿಂತಿದ್ದು ಯಾವಾಗ, ಬರೆದಿಡಿ. ತಿಂಗಳಿಗೊಮ್ಮೆ ಅದೇ ಮೂರು ಫೋಟೋ.

ನಾಲ್ಕನೆಯದು, ಯಾರ ಬಳಿ?

ಯುರಾಲಜಿಸ್ಟ್, ಅಂದರೆ ಮೂತ್ರಾಂಗದ ತಜ್ಞರು. ಜಿಲ್ಲಾಸ್ಪತ್ರೆಯಲ್ಲಿ ಕೇಳಿ, ಅಲ್ಲಿಂದ ಬೆಂಗಳೂರಿಗೆ ಬರೆದುಕೊಟ್ಟರೆ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿ ಸರ್ಕಾರದ್ದೇ ನೆಫ್ರೋ ಯುರಾಲಜಿ ಸಂಸ್ಥೆ ಇದೆ. ಒಳಗೆ ಹೋದ ತಕ್ಷಣ "ಸಾರ್, ನಿಮಿರಿದಾಗ ಬಾಗುತ್ತಿದೆ, ಫೋಟೋ ತಂದಿದ್ದೇನೆ" ಅನ್ನಿ. ಬೇರೆ ಪೀಠಿಕೆ ಬೇಡ. ಅವರು ಗಂಟನ್ನು ಮುಟ್ಟಿ ನೋಡುತ್ತಾರೆ. ಬೇಕಾದರೆ ಇಂಜೆಕ್ಷನ್ ಕೊಟ್ಟು ನಿಮಿರಿಸಿ ಡಾಪ್ಲರ್ ಸ್ಕ್ಯಾನ್, ಅಂದರೆ ರಕ್ತ ಹರಿಯುವುದನ್ನು ನೋಡುವ ಸ್ಕ್ಯಾನ್ ಮಾಡುತ್ತಾರೆ. ನಿಮಿರುವುದೇ ಕಷ್ಟವಾಗಿದ್ದರೆ ಅದನ್ನು ಮುಚ್ಚಿಡಬೇಡಿ, ಚಿಕಿತ್ಸೆಯೇ ಬೇರೆಯಾಗುತ್ತದೆ.

ಆಮೇಲೆ ಚಿಕಿತ್ಸೆ

ಕಾಯಿಲೆಗೆ ಎರಡು ಹಂತ. ಮೊದಲ ಹಂತದಲ್ಲಿ ನೋವಿರುತ್ತದೆ, ಬಾಗು ಬದಲಾಗುತ್ತಿರುತ್ತದೆ. ಇದು ಹೆಚ್ಚಾಗಿ 6ರಿಂದ 18 ತಿಂಗಳು. ಆಮೇಲೆ ನೋವು ಇಳಿದು ಬಾಗು ಒಂದೇ ಕಡೆ ನಿಲ್ಲುತ್ತದೆ. ತಾನಾಗಿ ನೆಟ್ಟಗಾಗುವುದು ಕೆಲವರಲ್ಲಿ ಮಾತ್ರ. ಮೊದಲ ಹಂತದಲ್ಲಿ ಎಣ್ಣೆ ಹಚ್ಚಿ ಬಲವಾಗಿ ನೆಟ್ಟಗೆ ಮಾಡಲು ಹೋಗಬೇಡಿ. ಗುಬ್ಬಿಯವರು ಎರಡು ತಿಂಗಳು ಅದನ್ನೇ ಮಾಡಿದ್ದರು, ಗಾಯದ ಮೇಲೆ ಗಾಯ.

ವಿಟಮಿನ್ ಇ ಮಾತ್ರೆ ನನ್ನ ಅಂಗಡಿಯಲ್ಲೂ ಇದೆ, ಇದಕ್ಕಾಗಿ ಕೇಳಿದರೆ ನಾನು ಕೊಡುವುದಿಲ್ಲ. ಅಮೆರಿಕದ ಯುರಾಲಜಿ ಸಂಘ 2015ರ ಮಾರ್ಗಸೂಚಿಯಲ್ಲೇ ಇದು ಬೇಡ ಅಂದಿದೆ. ಶಾಕ್‌ವೇವ್ (ಹೊರಗಿನಿಂದ ಯಂತ್ರದಲ್ಲಿ ತರಂಗ ಹಾಯಿಸುವ ಚಿಕಿತ್ಸೆ) ಪ್ಯಾಕೇಜ್ ಅಂತ ದುಡ್ಡು ಕೇಳಿದರೆ ನೆನಪಿಡಿ: ಅದರಿಂದ ನೋವು ಇಳಿಯಬಹುದು, ಬಾಗು ಹೋಗುವುದಿಲ್ಲ. ನಿಮಿರುವುದಕ್ಕೆ ಕೊಡುವ ಸಿಲ್ಡೆನಾಫಿಲ್ (ವಯಾಗ್ರ) ಮಾತ್ರೆಯನ್ನು ಸ್ವಂತ ಬುದ್ಧಿಯಿಂದ ನುಂಗಬೇಡಿ. ಎದೆನೋವಿಗೆ ನೈಟ್ರೇಟ್ ತಗೊಳ್ಳುವವರಿಗೆ ಅದು ಪ್ರಾಣಕ್ಕೇ ಅಪಾಯ.

ಡಾಕ್ಟರು ಕೊಡಬಹುದಾದದ್ದು: ನೋವಿಗೆ ಮಾತ್ರೆ, ಗಟ್ಟಿ ಪಟ್ಟಿಯೊಳಗೇ ಕೊಡುವ ಇಂಜೆಕ್ಷನ್, ತಿಂಗಳುಗಟ್ಟಲೆ ದಿನಾ ಹಾಕಿಕೊಳ್ಳುವ ಎಳೆಯುವ ಸಾಧನ. ಬಾಗು ಕಡಿಮೆ ಇದ್ದು ಸಂಸಾರಕ್ಕೆ ತೊಂದರೆ ಇಲ್ಲದಿದ್ದರೆ ಏನೂ ಬೇಡ ಅನ್ನಲೂಬಹುದು. ಆಪರೇಷನ್ ಮಾಡುವುದು ಬಾಗು ಕನಿಷ್ಠ 3ರಿಂದ 6 ತಿಂಗಳು ಬದಲಾಗದೆ ನಿಂತ ಮೇಲೆ. ನಿಮ್ಮ ತಿಂಗಳ ಫೋಟೋ ಕೆಲಸಕ್ಕೆ ಬರುವುದು ಆಗ. ಉದ್ದ ಇರುವ ಕಡೆ ಹೊಲಿಗೆ ಹಾಕಿ ನೆಟ್ಟಗೆ ಮಾಡಿದರೆ ಸ್ವಲ್ಪ ಗಿಡ್ಡವಾಗುತ್ತದೆ. ಬಾಗು ತುಂಬಾ ಇದ್ದರೆ ಪಟ್ಟಿಯನ್ನು ಸೀಳಿ ತೇಪೆ ಹಾಕುತ್ತಾರೆ, ಅದರಲ್ಲಿ ನಿಮಿರುವಿಕೆ ಕುಗ್ಗುವ ಅಪಾಯ ಜಾಸ್ತಿ. ನಿಮಿರುವುದೇ ನಿಂತಿದ್ದರೆ ಒಳಗೆ ಕೃತಕ ಸಾಧನ ಇಡುತ್ತಾರೆ. ಇದನ್ನೆಲ್ಲ ಕೇಳುವಾಗ ಹೆಂಡತಿಯೂ ಪಕ್ಕದಲ್ಲಿರಲಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಆಪರೇಷನ್ ಆದಮೇಲೆ ಸುಮಾರು 6 ವಾರ ಕೂಡುವ ಹಾಗಿಲ್ಲ, ಅದು ಇಬ್ಬರಿಗೂ ಗೊತ್ತಿರಬೇಕಲ್ವಾ?

ಒಂದು ಸಂದರ್ಭದಲ್ಲಿ ಮಾತ್ರ ಫೋಟೋ ತೆಗೆಯುತ್ತಾ, ಕಾಯುತ್ತಾ ಕೂರಲೇಬೇಡಿ. ಕೂಡುವಾಗ 'ಟಕ್' ಅಂತ ಸದ್ದಾಗಿ ತಕ್ಷಣ ಮೆತ್ತಗಾಗಿ ಊದಿಕೊಂಡು ನೀಲಿಗಟ್ಟಿದರೆ ಒಳಗಿನ ಪೊರೆ ಹರಿದಿರುತ್ತದೆ. ರಾತ್ರಿ ಎರಡು ಗಂಟೆಯಾದರೂ ಸರಿ, ಆಗಲೇ ಆಸ್ಪತ್ರೆಗೆ ಹೋಗಿ.